ನಿಂಗಮ್ಮನ ಕ್ಯಾನು ಮತ್ತು ಓಡುವ ಚಿತ್ರ

ಇವತ್ತು ಬೆಳಿಗ್ಗೆ ಶಾಂತಿಗ್ರಾಮದಲ್ಲಿ ಬಸ್ಸು ಹತ್ತಿದವರೊಬ್ಬರು ಖಾಲಿ ಹಾಲಿನ ಕ್ಯಾನನ್ನು ನನ್ನ ಕಾಲ ಬಳಿಯೇ ಇಟ್ಟರು. ಆ ಹುಳಿ ವಾಸನೆಗೆ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು; ನಾನು ಮಾತ್ರ ಸುಖವಾಗಿ ಉಸಿರೆಳೆದುಕೊಂಡೆ. ನಾನೀಗ ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಹಾಗಾಗಲು ಈ ಊರಿನ ಡೈರಿಯೂ ಒಂದು ಕಾರಣ.

ಎರಡು ಸಾವಿರದ ಇಸವಿಯ ಆಸುಪಾಸು, ನನ್ನ ಓದಿನ ಕೊನೆಯ ವರ್ಷ. ನಮ್ಮ ಲ್ಯಾಬಿಗೆ ಆಗಷ್ಟೇ ಒಂದು ಸಾಫ್ಟ್‌ವೇರ್ ಬಂದಿತ್ತು. ಪ್ರೋಗ್ರಾಂ ಬರೆಯುವುದೇ ಬೇಡ. ಯಾರು ಯಾರಿದ್ದಾರೆ, ಯಾರು ಯಾರಿಗೆ ಏನು ಹೇಳುತ್ತಾರೆ ಎಂದು ಚೌಕ, ಬಾಣ ಎಳೆದರೆ ಸಾಕು, ಆ ಚಿತ್ರವೇ ಪ್ರೋಗ್ರಾಮಿನಂತೆ ಓಡುತ್ತಿತ್ತು. ಕೆಲಸ ನಡೆಯುವ ಚೌಕ ಹಳದಿಯಾಗುತ್ತಿತ್ತು. ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದ ನನಗೆ ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಪ್ರಾಜೆಕ್ಟಿಗೆಂದು ಶಾಂತಿಗ್ರಾಮದ ಡೈರಿಯಲ್ಲಿ ಹಾಲು ಹಾಕುವ ಕ್ರಮವನ್ನೆಲ್ಲ ಲ್ಯಾಬಿನಲ್ಲಿ ಕೂತೇ ಬರೆದುಬಿಟ್ಟೆ. ಡೈರಿಗೆ ಹೋಗಿಯೇ ಇರಲಿಲ್ಲವೇ ಅನ್ನಬೇಡಿ. ಹೋಗಿದ್ದೆ, ಒಂದು ಮಧ್ಯಾಹ್ನ, ಬೀಗ ಹಾಕಿತ್ತು.

ಡೈರಿಯ ಸೆಕ್ರೆಟರಿ ‘ಸರಿಯಿದೆ’ ಎಂದು ಸಹಿ ಮಾಡಿದರೆ ಮಾತ್ರ ಪ್ರಾಜೆಕ್ಟ್ ಪಾಸು. ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬಸ್ಸು. ಸೆಕ್ರೆಟರಿ ರಂಗೇಗೌಡರು ಲ್ಯಾಬಿಗೆ ಬಂದರು. ಚಪ್ಪಲಿಯನ್ನು ಹೊರಗೇ ಬಿಟ್ಟು ಪರದೆಯ ಮುಂದೆ ಕೂತರು.

‘ನಮ್ಮೂರ್ ನಿಂಗಮ್ಮನ್ನ ಲೈನಲ್ಲಿ ನಿಲ್ಸು ನೋಡಾನ.’

ಹೆಸರು ಕೊಟ್ಟೆ. ಚೌಕ ಹಳದಿಯಾಯಿತು. ಗೌಡರಿಗೆ ಖುಷಿಯಾಯಿತು.

‘ಈಗವ್ಳು ಕ್ಯಾನ್ ಇಟ್ಬುಟ್ಟು ಮನೇಗೋದ್ಲು, ಮಗೀಗೆ ರೊಟ್ಟಿ ಸುಡಕ್ಕೆ.’

ನನ್ನ ಚಿತ್ರದಲ್ಲಿ ಸಾಲು ನಿಲ್ಲುವವರು ಮನುಷ್ಯರು. ನಿಂಗಮ್ಮ ಇಲ್ಲವೆಂದು ಟೈಪಿಸಿದ ಕೂಡಲೇ ಅವಳ ಸರದಿ ಕಟ್ಟಕಡೆಗೆ ಹೋಯಿತು.

‘ಅಯ್ಯೋ, ಎಲ್ಲಾದ್ರೂ ಉಂಟಾ? ಲೈನಲ್ಲಿ ನಿಲ್ಲಾದು ಕ್ಯಾನು ಕಣಪ್ಪ, ಅವ್ಳಲ್ಲ! ಹಿಂದ್ಲೋರೇ ಮುಂದುಕ್ಕೆ ತಳ್ತಾರೆ. ಬರ್ನಿಲ್ಲ ಅಂದ್ರೆ ಪಕ್ಕದೋಳು ಹಾಲು ಉಯ್ದು ಅವ್ಳ ಹೆಸ್ರಿಗೆ ಬರ್ಸ್ತಾಳೆ. ಇಂಗಾದ್ರೆ ನಾನ್ ಸೈನ್ ಆಕಲ್ಲ.’

‘ರೂಲ್ಸು ಹಂಗೇ ಸಾರ್,’ ಎಂದೆ.

‘ಯಾರ್ ರೂಲ್ಸ್ಲಾ?’

ನನ್ನದೇ.

‘ಅದ್ನ ಅಳ್ಸಿ ತಿದ್ಲಾ, ಕೂತಿರ್ತೀನಿ,’ ಎಂದು ನಾಲ್ಕು ಗಂಟೆಯ ಬಸ್ಸನ್ನೂ ಬಿಟ್ಟು ಕೂತರು. ಜನರನ್ನು ಸಾಲಿನಿಂದ ತೆಗೆದು ಕ್ಯಾನುಗಳನ್ನು ನಿಲ್ಲಿಸಿದೆ. ಪಕ್ಕದವಳಿಗೂ ಒಂದು ಬಾಣ ಎಳೆದೆ. ಈ ಸಲ ನಿಂಗಮ್ಮ ಮನೆಯಲ್ಲಿ ರೊಟ್ಟಿ ಸುಡುತ್ತಿದ್ದರೂ ಅವಳ ಹಾಲು ಸರಿಯಾದ ಸರದಿಗೆ ಡೈರಿ ಸೇರಿತು. ಗೌಡರು ನನ್ನ ಬೆನ್ನಿಗೊಂದು ಗುದ್ದಿ ಸಹಿ ಹಾಕಿದರು. ಆವತ್ತಿನಷ್ಟು ಸಂತೋಷ ಡಿಗ್ರಿ ಕೈಗೆ ಬಂದಾಗಲೂ ಆಗಲಿಲ್ಲ.

ಬರೀ ಕಾಗದದ ಮೇಲೆ ಬರೆದಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚಿತ್ರ ಓಡಿದ್ದಕ್ಕೇ ಸಿಕ್ಕಿಬಿತ್ತು. ಅದೂ ಗೌಡರು ಎದುರಿಗಿದ್ದುದರಿಂದ.

ಬಸ್ಸು ಹಾಸನ ಮುಟ್ಟುವಾಗ ಬ್ಯಾಗಿನಲ್ಲಿದ್ದ ರಿಪೋರ್ಟು ನೆನಪಾಯಿತು. ನುಗ್ಗೇಹಳ್ಳಿಯ ತೆಂಗಿನಕಾಯಿ ಮಾರಾಟದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಮಾಡಿದ್ದು. ಅವಳ ಚಿತ್ರ ನಿನ್ನೆ ಎಲ್ಲೂ ತಡವರಿಸದೆ ಓಡಿತ್ತು. ಇವತ್ತು ಸಹಿ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಇಳಿದವನೇ ಫೋನ್ ಮಾಡಿದೆ.

‘ಇದನ್ನ ಅಲ್ಲಿಯೋರಿಗೆ ಯಾರಿಗಾದ್ರೂ ತೋರಿಸಿದ್ಯೇನಮ್ಮ?’

‘ಇಲ್ಲ ಸರ್. ಯಾಕೆ, ತಪ್ಪೇನಾದ್ರೂ ಸಿಕ್ತಾ?’ ಹುಡುಗಿಯ ದನಿಯಲ್ಲಿ ಭಯ.

‘ನಂಗೆ ಸಿಕ್ಕಿಲ್ಲ. ನಾಳೆ ಇಬ್ರೂ ಹೋಗೋಣ, ಅವರು ಹುಡುಕ್ಲಿ.’