ಎಡಗಡೆಯ ಅರ್ಧ ಇಂಚು

ಅದು ಕುಂದು ಮುಚ್ಚುವ ಕೈ ಎಂದು ಆ ದರ್ಜಿಯ ಬಗ್ಗೆ ಹೇಳುತ್ತಿದ್ದರು. ಭುಜ ಇಳಿದವರು, ಬೆನ್ನು ಬಾಗಿದವರು, ಹೊಟ್ಟೆ ಬಂದವರು, ಎಲ್ಲರೂ ಆಕೆಯ ಅಂಗಡಿಯ ಮೆಟ್ಟಿಲಿಳಿಯುವಾಗ ನೆಟ್ಟಗೆ ಕಾಣುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಮೆಷಿನ್ನು, ಅದೇ ಕಿಟಕಿ. ಟೇಪು ಹಿಡಿದಾಗ ಆಕೆ ಬಾಯಿ ಬಿಡುತ್ತಿರಲಿಲ್ಲ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಳ್ಳುವುದೇ ಅದಕ್ಕೆ ಎಂದು ಜನ ನಗುತ್ತಿದ್ದರು.

ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದಳು, ಅದೂ ಸ್ವಂತ ವಾರಗಿತ್ತಿಯ ಮುಂದೆ. ಎಂಟು ವರ್ಷದ ಹಿಂದೆ ಮೈದುನನ ಹೆಂಡತಿ ಯಾರಿಗೂ ಹೇಳದೆ ಹೋಗಿ ಎದೆಗೆ ಸಿಲಿಕೋನ್ ಚೀಲ ಇಡಿಸಿಕೊಂಡು ಬಂದಿದ್ದಳು. ಅಳತೆ ತೆಗೆಯುತ್ತಾ ದರ್ಜಿ, "ನಂಗೆ ಹೇಳಿದ್ರೆ ಒಳಗೆ ಎರಡು ಪದರ ಹತ್ತಿ ಇಟ್ಟು ಹೊಲಿದುಕೊಡ್ತಿದ್ದೆನಲ್ಲೇ" ಎಂದುಬಿಟ್ಟಳು. ವಾರಗಿತ್ತಿ ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಮತ್ತೆ ಬಂದವಳು ಬಾಗಿಲಲ್ಲೇ ನಿಂತು, "ಅಕ್ಕಾ, ನನ್ನ ಮೈ ವಿಷಯ ಇನ್ನು ಎತ್ತಬಾರದು" ಎಂದಳು.

"ಎತ್ತಿದ್ರೆ ಕೇಳು" ಎಂದು ದರ್ಜಿ ಮಾತು ಕೊಟ್ಟಳು.

ಕೊಟ್ಟ ಮಾತು ಉಳಿಸಿಕೊಂಡಳು. ಕಳೆದ ವರ್ಷ ಅವಳ ಎದೆ ಎಡಗಡೆ ಅರ್ಧ ಇಂಚು ಹೆಚ್ಚಿದ್ದು ಟೇಪಿಗೆ ಸಿಕ್ಕಿತು. ಅಳತೆ ಪುಸ್ತಕದಲ್ಲಿ ಬರೆದು ತಾರೀಖು ಹಾಕಿದಳು, ಎಡಗಡೆಯನ್ನಷ್ಟೇ ಸಡಿಲವಾಗಿ ಹೊಲಿದಳು. ಮುಂದಿನ ಸಲ ಮುಕ್ಕಾಲು. ಆಮೇಲೆ ಒಂದೂಕಾಲು. ಹಳೆಯ ಅಂಗಿಗಳನ್ನೂ ತರಿಸಿಕೊಂಡು ಹೊಲಿಗೆ ಬಿಚ್ಚಿ ಸರಿಮಾಡಿಕೊಟ್ಟಳು. ವಾರಗಿತ್ತಿ ಕನ್ನಡಿಯ ಮುಂದೆ ತಿರುಗಿ, "ನಿನ್ನ ಕೈಯಲ್ಲಿ ಏನಿದೆಯೋ ಅಕ್ಕಾ! ಅಚ್ಚಲ್ಲಿ ಹೊಯ್ದ ಹಾಗಿದೆ" ಎನ್ನುತ್ತಿದ್ದಳು.

ಇವತ್ತು ಅವಳು ಬ್ಯಾಗನ್ನು ಎದೆಗೊತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ಚೀಲದ ಸುತ್ತ ನೀರು ತುಂಬಿದೆಯಂತೆ. ಪರೀಕ್ಷೆಗೆ ಕಳಿಸಿದ್ರು. ಕ್ಯಾನ್ಸರಂತೆ, ಬಹಳ ಅಪರೂಪದ್ದು. ಈ ಚೀಲ ಇದ್ದವರಿಗೆ ಬರೋದಂತೆ."

ದರ್ಜಿ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಒಂದೊಂದಾಗಿ ದಿಂಬಿಗೆ ಚುಚ್ಚಿದಳು.

"ಇಡಿಸಿದವರು ಜನ್ಮಪೂರ್ತಿ ನಿಶ್ಚಿಂತೆ ಅಂದಿದ್ರು. ಈ ಡಾಕ್ಟ್ರು ಬೈದ್ರು. ಆಗಾಗ ತೋರಿಸ್ತಿರಬೇಕಿತ್ತು, ವರ್ಷಗಳಾದ ಮೇಲೆ ಒಂದು ಕಡೆ ಊದಿದ್ರೆ ತಡಮಾಡದೆ ಬರಬೇಕಿತ್ತು ಅಂತ. ಯಾವಾಗಿಂದ ಅಂದ್ರು, ಎರಡು ತಿಂಗಳು ಅಂದೆ. ನಂಬಲಿಲ್ಲ. ಬಟ್ಟೆ ಬಿಗಿಯಾಗ್ಲಿಲ್ವಾ ಅಂತ ಕೇಳಿದ್ರು." ಅವಳು ತಲೆಯೆತ್ತಿದಳು. "ಬಿಗಿಯಾಗ್ಲೇ ಇಲ್ಲ, ಅಲ್ವಾ ಅಕ್ಕಾ?"

ಪುಸ್ತಕ ಮೆಷಿನ್ನಿನ ಖಾನೆಯಲ್ಲಿತ್ತು. ಗೆದ್ದಲು ಹಿಡಿಯಿತು ಎಂದರೆ ಕೇಳುವವರಿಲ್ಲ. ಮನೆಯವರೆದುರು ಮುಖ ಉಳಿಯುತ್ತಿತ್ತು. ದರ್ಜಿಯ ಕೈ ಸೀಮೆಸುಣ್ಣದ ಪುಡಿಯನ್ನು ಮೇಜಿನಂಚಿಗೆ ಸವರುತ್ತಲೇ ಇತ್ತು. ಆಮೇಲೆ ಬಗ್ಗಿ ಖಾನೆ ಎಳೆದಳು, ಪುಟ ತೆರೆದು ವಾರಗಿತ್ತಿಯ ಮಡಿಲಲ್ಲಿಟ್ಟಳು.

ಅವಳು ಬೆರಳಿಟ್ಟು ಓದಿದಳು. ಎಡ, ಬಲ. ಎಡ, ಬಲ. ತಾರೀಖುಗಳು.

"ಹನ್ನೊಂದು ತಿಂಗಳು. ಗೊತ್ತಿತ್ತು ನಿಂಗೆ."

"ಮಾತು ಕೊಟ್ಟಿದ್ದೆನಲ್ಲೇ."

"ಹೂಂ." ಅವಳು ಪುಸ್ತಕ ಮುಚ್ಚಿದಳು. "ಮಾತು ಇಸ್ಕೊಂಡವಳು ನಾನೇ."

ಡಾಕ್ಟರಿಗೆ ತೋರಿಸಲು ಪುಸ್ತಕವನ್ನೇ ಬ್ಯಾಗಿಗೆ ಹಾಕಿಕೊಂಡು ಹೋದಳು. ಮುಂದಿನ ವಾರ ಆಪರೇಷನ್ನು, ಚೀಲವನ್ನೂ ಸುತ್ತಲಿನ ಪೊರೆಯನ್ನೂ ತೆಗೆಯುತ್ತಾರೆ. ಕಾಯಿಲೆ ಪೊರೆ ದಾಟಿದೆಯೋ ಇಲ್ಲವೋ ಆಗಲೇ ತಿಳಿಯುವುದು.

ಸಂಜೆ ಅಂಚೆ ಕಚೇರಿಯ ಹೆಂಗಸೊಬ್ಬಳು ಕೋಟು ಹೊಲಿಸಲು ಬಂದಳು. ಟೇಪು ಸುತ್ತಿದ ದರ್ಜಿಯ ಕೈ ನಿಂತಿತು.

"ಬಲಭುಜ ಇಳಿದಿದೆ. ಹೋದ ವರ್ಷ ಹೀಗಿರ್ಲಿಲ್ಲ. ಡಾಕ್ಟರಿಗೆ ತೋರಿಸ್ಕೊಳ್ಳಿ."

"ಅಯ್ಯೋ, ನೀವು ಬಟ್ಟೆ ಹೊಲೀರಿ ಸಾಕು," ಎಂದು ಆಕೆ ಮುಖ ಗಂಟಿಕ್ಕಿದಳು.

"ಹೊಲೀತೀನಿ. ಮೊದಲು ತೋರಿಸ್ಕೊಂಡು ಬನ್ನಿ."