ಮಳೆ ಕೇಳಿ ಬೀಜ ಕೊಡುತ್ತಿದ್ದವರು

ಮೊನ್ನೆ ಮೊಮ್ಮಗಳು ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂತಳು. ಅವಳ ಚೂಡಿದಾರದ ವೇಲಿನಿಂದ ಲಕ್ಕಿ ಸೊಪ್ಪಿನ ವಾಸನೆ ಬಂತು. ಹುಳು ಬೀಳದಿರಲೆಂದು ಬೀಜದ ಚೀಲದೊಳಗೆ ಹಾಕುವ ಸೊಪ್ಪು ಅದು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷದ ಹಿಂದಿನ ಆನವಟ್ಟಿಯ ಬೀದಿ ಕಣ್ಣಿಗೆ ಕಟ್ಟಿತು. ಗೋಣಿಚೀಲಗಳ ನಡುವೆ ಮೊರ ಹಿಡಿದು ಕೂತ ಬೀಜದ ಸಾಬರು...

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕೂತರೆ ಪೆನ್ನಿಗಿಂತ ಮಾತು ಮುಂದೆ ಓಡುತ್ತದೆ. ಆದರೂ ಇದನ್ನು ಬರೆದೇ ತೀರುತ್ತೇನೆ. ಖುಷಿ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ.

ನನ್ನ ತವರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರ. ಕೊಟ್ಟದ್ದು ಶಿಕಾರಿಪುರದ ಕಡೆ, ಬಳ್ಳಿಗಾವಿಯ ಆಚೆ. ಮದುವೆಯಾದ ಮರುವರ್ಷ ಮನೆಗೆ ಹೊಸ ಬೀಜ ಬೇಕಾಯಿತು. ನಮ್ಮ ತವರಲ್ಲಿ ನಾಲ್ಕು ತಿಂಗಳ ಕೆಂಪು ಭತ್ತ ಇದೆ, ಅನ್ನ ಬಲು ರುಚಿ ಎಂದು ನಾನೇ ಹೊಗಳಿದೆ. ಅತ್ತೆ, "ನಾಕು ತಿಂಗಳದ್ದೇ ನಮಗೂ ಬೇಕಾಗಿದ್ದು, ತರ್ಸು ಮತ್ತ" ಎಂದರು. ಸಾಬರ ಅಂಗಡಿಯಲ್ಲಿ ಅದೇ ಬೀಜ ಸಿಕ್ಕಿತು. ಕೂರಿಗೆಯಲ್ಲಿ ನೇರ ಹೊಲಕ್ಕೇ ಬಿತ್ತಿದೆವು.

ಹಸ್ತ ಮಳೆ ಮುಗಿಯುವಾಗ ಅಕ್ಕಪಕ್ಕದ ಹೊಲ ಹಳದಿಯಾಗಿ ಕುಯ್ಲಿಗೆ ಬಂದಿತ್ತು. ನಮ್ಮದು ಆಗ ತಾನೇ ತೆನೆ ಬಿಡುತ್ತಿತ್ತು. ಆಮೇಲೆ ಮಳೆ ಬರಲಿಲ್ಲ. ಕಾಳು ಹಾಲುಗಟ್ಟುವ ಮೊದಲೇ ನೆಲದ ತೇವ ಆರಿ ಎಲ್ಲ ಜೊಳ್ಳಾಯಿತು. "ಸೊಸಿ ತರ್ಸಿದ ಬೀಜ ನೋಡ್ರವ್ವ, ಎತ್ತಿಗೆ ಹಬ್ಬ, ನಮಗೆ ಉಪಾಸ" ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೇಳುವುದು ನನ್ನ ಕಿವಿಗೂ ಬಿತ್ತು.

ಸುದ್ದಿ ಕೇಳಿ ಸಾಬರು ಬಸ್ಸು ಹತ್ತಿ ಬಂದೇಬಿಟ್ಟರು. ಒಂದು ತೆನೆ ಹಿಸುಕಿ ನೋಡಿ, ಬದುವಿನ ಮೇಲೆ ಕೂತು ನನ್ನನ್ನು ಕೇಳಿದರು:

"ತಂಗೆಮ್ಮಾ, ನಿಮ್ಮ ತವರಲ್ಲಿ ನಾಲ್ಕು ತಿಂಗಳು ಅಂದ್ರೆ ಯಾವತ್ತಿಂದ ಎಣಿಸ್ತಾರೆ?"

"ನಾಟಿ ಮಾಡಿದ ದಿನದಿಂದ."

"ಸಸಿಮಡೀಲಿ ಕಳೆದದ್ದು?"

ಸಸಿಮಡಿಯ ಆ ಒಂದು ತಿಂಗಳನ್ನು ತವರಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಲ್ಲಿ ನಾಟಿಯೇ ಇಲ್ಲ. ಬೀಜ ಮಣ್ಣಿಗೆ ಬಿದ್ದ ದಿನದಿಂದಲೇ ಲೆಕ್ಕ. ಅಲ್ಲಿನ ನಾಲ್ಕು ತಿಂಗಳು ಇಲ್ಲಿ ಐದಾಗುತ್ತದೆ. ಎರಡೂ ಕಡೆಯ ಬೇಸಾಯ ಕಂಡವಳು ಆ ಮನೆಯಲ್ಲಿ ನಾನೊಬ್ಬಳೇ. ನನಗೆ ಹೊಳೆಯಬೇಕಿತ್ತು.

ಸಾಬರು ಎದ್ದು ನೇರ ಮನೆಗೆ ಬಂದು ಅತ್ತೆಯ ಮುಂದೆ ನಿಂತರು. "ತಪ್ಪು ನಂದು ಅಮ್ಮಾ, ಕೇಳದೇ ಕೊಟ್ಟೆ. ಈ ಹುಡುಗಿಗೆ ಏನೂ ಅನ್ನಬೇಡಿ." ಅತ್ತೆ ಮತ್ತೆಂದೂ ಆ ಮಾತು ಎತ್ತಲಿಲ್ಲ. ನಾನು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. ಪಾಲು ನನ್ನದೂ ಇದೆ ಎನ್ನಬೇಕಿತ್ತು... ಅನ್ನಲಿಲ್ಲ.

ಅಂದಿನಿಂದ ಅವರು ತಿಂಗಳು, ದಿನ ಕೇಳಿ ಬೀಜ ಕೊಡುವುದನ್ನೇ ಬಿಟ್ಟರು. ಯಾವ ಊರಿನವರೇ ಬರಲಿ, ಎರಡೇ ಪ್ರಶ್ನೆ. ಯಾವ ಮಳೆಗೆ ಬೀಜ ಹಾಕ್ತೀರಿ? ಯಾವ ಮಳೆಗೆ ಕುಯ್ಯಬೇಕು? ರೋಹಿಣಿ, ಮೃಗಶಿರ, ಆರಿದ್ರ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ದಿನ ಎಣಿಸುವ ರೀತಿ ಊರಿಗೊಂದು ಇರಬಹುದು, ಆರಿದ್ರ ಮಳೆ ಮಾತ್ರ ಸೊರಬಕ್ಕೂ ಶಿಕಾರಿಪುರಕ್ಕೂ ಒಂದೇ ದಿನ ಹುಟ್ಟುತ್ತದಲ್ಲ! "ಬೀಜ ಕೇಳಿದ್ರೆ ಪಂಚಾಂಗ ಓದ್ತೀರಲ್ರೀ ಸಾಬ್ರೇ" ಎಂದು ಒಬ್ಬರು ಹಂಗಿಸಿದರು. "ಈಗ ಓದಿದ್ರೆ ಸುಗ್ಗೀಲಿ ನೀವು ನನ್ನ ಜನ್ಮ ಜಾಲಾಡೋದು ತಪ್ತದೆ ಸ್ವಾಮಿ" ಎಂದು ಇವರು ನಕ್ಕರು. ಉತ್ತರ ಹೇಳದವರಿಗೆ ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ, ಗಿರಾಕಿ ಎದ್ದು ಹೋದರೂ ಸರಿಯೇ.

ಬಾಗಿಲ ಹಿಂದೆ ನುಂಗಿದ ಮಾತನ್ನು ಹೇಳಿಬಿಡಬೇಕೆಂದು ಎಷ್ಟು ಸಲ ಆನವಟ್ಟಿಗೆ ಹೋದೆನೋ. ಅಂಗಡಿಯಲ್ಲಿ ಜನ ಇರುತ್ತಿದ್ದರು, ಬಸ್ಸಿಗೆ ಹೊತ್ತಾಗುತ್ತಿತ್ತು... ಕೊನೆಗೊಂದು ಸಲ ಗಟ್ಟಿ ಮನಸ್ಸು ಮಾಡಿ ಹೋದೆ. ಬಾಗಿಲು ಹಾಕಿತ್ತು. ಅವರು ತೀರಿಹೋಗಿ ಹನ್ನೊಂದು ದಿನವಾಗಿತ್ತು.

ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಶಿಕಾರಿಪುರದಲ್ಲಿ ಹಳೆಯ ತಳಿ ಉಳಿಸುವ ರೈತರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಸೊರಬದ ಕಡೆ ಹೆಂಗಸರದ್ದೂ ಅಂಥದೇ ಒಂದು ಸಂಘವಿದೆ. ಅವರ ಬೀಜದ ಪಟ್ಟಿ ಅವರ ಕಂಪ್ಯೂಟರಿನಲ್ಲಿ, ಇವರದು ಇವರದರಲ್ಲಿ. ಇಲ್ಲಿನವರು ಮೊಬೈಲಿನಲ್ಲಿ ಕೇಳಿದರೆ ಅಲ್ಲಿನ ಕಂಪ್ಯೂಟರೇ ಉತ್ತರ ಕೊಡುವಂತೆ ಎರಡನ್ನೂ ಜೋಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಈ ಬೇಸಿಗೆಯಲ್ಲಿ ಜೋಡಿಸಿದಳು. "ಇಲ್ಲಿ ನೂರಿಪ್ಪತ್ತು ದಿನದ ಭತ್ತ ಕೇಳಿದ್ರೆ ಅಲ್ಲಿಂದ ನೂರಿಪ್ಪತ್ತರದ್ದೇ ಹುಡುಕಿ ಕೊಡ್ತೈತಿ ಅಜ್ಜಿ, ಒಂದೂ ತಪ್ಪಿಲ್ಲ!" ಎಂದು ಕುಣಿದಳು. ಹಾಗೆ ಕೇಳಿದ ಆರು ಮನೆಯ ಬೀಜ ಸೊರಬದಿಂದ ಆಗಲೇ ಬಂದಿಳಿದಿತ್ತು. ಮಾರನೆಯ ಬೆಳಿಗ್ಗೆ ಹಂಚುವುದು.

"ಎಣಿಸೋದು ಯಾವತ್ತಿಂದ ಮಗಾ?" ಎಂದೆ. ಅವಳು ಅಲ್ಲಿಗೆ ಫೋನು ಹಚ್ಚಿ ಕೇಳಿದಳು. ನಾಟಿಯಿಂದ ಎಂದರು.

ಬೆಳಿಗ್ಗೆ ನಾನೂ ಅವಳ ಜೊತೆ ಹೋದೆ. ಸಂಘದ ಹಿರಿಯರೊಬ್ಬರು, "ಮಿಷನ್ನೇ ಸರಿ ಅಂತೈತಿ, ನೀವೇನ್ರೀ ಅಜ್ಜಿ ಅಡ್ಡ ಬರೋದು? ಮಳೆ ಕಾಯ್ತದೇನು?" ಎಂದರು. "ಮಿಷನ್ನಿಗೆ ಹೊಲ ಇಲ್ಲ ಯಜಮಾನ್ರೇ. ಹೊಲ ಇರೋದು ಆ ಆರು ಮನೆಯವರಿಗೆ" ಎಂದವಳೇ ಹೋಗಿ ಚೀಲದ ಮೇಲೆ ಕೂತುಬಿಟ್ಟೆ. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಸಾಬರ ಬೀಜದ, ಜೊಳ್ಳಾದ ನಮ್ಮ ಹೊಲದ ಕತೆಯನ್ನು ಕೂತಲ್ಲಿಂದಲೇ ಹೇಳಿದೆ. ಒಂದು ವಾರ ಹಂಚಬಾರದೆಂದಾಯಿತು.

ಆ ವಾರವಿಡೀ ಮೊಮ್ಮಗಳು ಸರಿಯಾಗಿ ಉಣ್ಣಲಿಲ್ಲ. ಎರಡೂ ಪಟ್ಟಿಯ ಒಂದೊಂದು ಬೀಜಕ್ಕೂ ಹಾಕುವ ಮಳೆ, ಕುಯ್ಯುವ ಮಳೆ ಬರೆಸಿದಳು. ಯಾರೂ ತಮ್ಮ ಲೆಕ್ಕ ಬಿಡಬೇಕಿಲ್ಲವಂತೆ. ಯಂತ್ರ ಮೊದಲು ಮಳೆಗೆ ಮಳೆ ಹೊಂದಿಸಿ ನೋಡಿ, ಆಮೇಲೆ ಆಯಾ ಊರಿನ ದಿನದ ಲೆಕ್ಕದಲ್ಲಿ ಹೇಳುತ್ತದಂತೆ. ಆರು ಚೀಲದಲ್ಲಿ ನಾಲ್ಕು ವಾಪಸು ಹೋದವು; ಉಳಿದೆರಡು ತೇವ ಬೇಗ ಆರದ ತಗ್ಗಿನ ಹೊಲದವರದು. ಬದಲಿಗೆ ಬೇಗ ಮಾಗುವ ಬೀಜ ಬಂದು, ಮೃಗಶಿರ ಕಳೆಯುವ ಮೊದಲೇ ಬಿತ್ತಿಯೂ ಆಯಿತು.

ಈಗ ಹಸ್ತ ಮಳೆ ಮುಗಿಯುತ್ತಾ ಬಂದಿದೆ. ನಿನ್ನೆ ಹಟ ಮಾಡಿ ಮೊಮ್ಮಗಳ ಸ್ಕೂಟಿ ಹತ್ತಿ ಆ ನಾಲ್ಕೂ ಹೊಲ ನೋಡಿ ಬಂದೆ. ಎಲ್ಲ ಹಳದಿ! ಕೊನೆಯ ಹೊಲದಲ್ಲಿ ಒಂದು ಕಾಳು ಸುಲಿದು ಕಚ್ಚಿದೆ, ಕಟಕ್ಕೆಂದಿತು. ಹಲ್ಲು ಹೋದರೆ ಹೋಗಲಿ ಎಂದು ಇನ್ನೊಂದನ್ನೂ ಕಚ್ಚಿದೆ. ಆ ಹೊಲದ ಮನೆಯ ಸೊಸೆ, ಇನ್ನೂ ಹೊಸ ಮದುಮಗಳ ಹಾಗಿದ್ದಾಳೆ, ಕುಡುಗೋಲು ಹಿಡಿದು ನಗುತ್ತಾ ಬಂದಳು.

"ಮಳೆ ಲೆಕ್ಕ ನಿಮಗೆ ಯಾರು ಹೇಳಿಕೊಟ್ಟಿದ್ದು ಅಜ್ಜಿ?"

"ಆನವಟ್ಟಿ ಬೀಜದ ಸಾಬರು."

"ಹೌದಾ? ಸಂಘದ ಮೀಟಿಂಗಿಗೆ ಅವರನ್ನೇ ಕರೆಸಾಣಲ್ಲ!"

ಹೇಳಬೇಕಾದವರಿಗೆ ಹೇಳುವ ಹೊತ್ತು ನನ್ನ ಕೈ ತಪ್ಪಿಹೋಗಿದೆ. ಅದು ಇನ್ನು ಬರುವುದಿಲ್ಲ.

"ಅವರಿಲ್ಲ ಕಣವ್ವಾ" ಎಂದೆ. "ಮೀಟಿಂಗಿಗೆ ನಾನು ಬರ್ತೀನಿ. ಏನು ಕೇಳೋದಿದ್ರೂ ನನ್ನ ಕೇಳು."