ತೂತಿನ ಮೇಷ್ಟ್ರು

ಕುಂದಾಪುರದ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ರಸಾಯನಶಾಸ್ತ್ರದ ಮೇಷ್ಟ್ರಿಗೆ ಮೀಸೆ ಇತ್ತೇ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ತೆಕ್ಕಟ್ಟೆಯ ಅಕ್ಕಿಮಿಲ್ಲಿನ ಹೊಟ್ಟಿನ ಬೂದಿಯಿಂದ ಕಣ್ಣಿಗೆ ಕಾಣದ ಸಿಲಿಕಾ ಕಣ ಮಾಡಿ, ಅದರ ತೂತುಗಳಲ್ಲಿ ಮದ್ದು ತುಂಬಿ ನೇರ ಕರುಳಿಗೆ ಕಳಿಸುವುದು ಅವರ ಪಿಎಚ್‌ಡಿ. ಅಕ್ಕಿಹಿಟ್ಟಿನ, ಮೈತುಂಬ ತೂತಿರುವ ಕಪ್ಪರೊಟ್ಟಿಯನ್ನು ಬೆಳಕಿಗೆ ಹಿಡಿದು, "ತೂತೇ ಮುಖ್ಯ ಮಾರಾಯಾ" ಎನ್ನುತ್ತಿದ್ದರು.

ಗೈಡ್ ಒಪ್ಪದಿದ್ದರೆ ಪಿಎಚ್‌ಡಿ ಮುಗಿಯಿತು ಎಂಬಂಥ ದಿನ, ಮೇಷ್ಟ್ರು ಅವರ ಎದುರೇ ಮದ್ದಿನ ಬದಲು ಬಣ್ಣ ತುಂಬಿದ ಕಣಗಳನ್ನು ಆಮ್ಲಕ್ಕೆ ಹಾಕಿದರು. ಕರುಳು ಮುಟ್ಟುವ ಮೊದಲು, ಹೊಟ್ಟೆಯ ಹುಳಿಯಂಥ ಆ ಆಮ್ಲದಲ್ಲಿ ಬಣ್ಣ ಸೋರಬಾರದಿತ್ತು. ಬಾಟಲಿಯೆಲ್ಲ ಕೆಂಪಾಯಿತು. ಗೈಡ್ ಬ್ಯಾಗೆತ್ತಿ ಹೊರಟರು.

ರಾತ್ರಿ ಕಪ್ಪರೊಟ್ಟಿ ಬಡಿಸುತ್ತ ಮನೆಯೊಡತಿ ಮೇಷ್ಟ್ರನ್ನು ಕೇಳಿದರು: "ಹ್ವಾಯ್, ಎಂತ ಆಯ್ತ್?"

"ತೂತ್ ಲಾಯ್ಕಿತ್ತ್ ಅಕ್ಕಾ. ಬಾಗ್ಲ್ ಇಡೂಕೆ ಮರ್ತ್‌ಹೋಯ್ತ್."

ಅದ್ದಿದ ರೊಟ್ಟಿಯ ತೂತುಗಳಿಂದ ಕೋಳಿಸಾರು ಅವರ ಅಂಗಿಗೆ ಸೋರಿತು. ಮೇಷ್ಟ್ರ ಮುಖ ಅರಳಿತು.

"ಇದ್ಕೂ ಬಾಗ್ಲಿಲ್ಲ ಕಾಣಿ. ಇನ್ನೊಂದ್ ಹಾಕಿ."